ರೇಷ್ಮೆಯ ಹಂದರ – ಕಂತು ೩: ಯಾರೂ ಉಣ್ಣದ ಊಟ

"ದಾಸಯ್ಯ, ನಿನ್ನ ಸುಣ್ಣದ ಡಬ್ಬಿ ಕೊಡು."

ಆಸ್ಪತ್ರೆಯ ಕಾವಲುಗಾರ ದಾಸಯ್ಯ ಜೇಬಿಗೆ ಕೈ ಹಾಕಿದವನು ಹಾಗೇ ನಿಂತ. "ಆಪರೇಷನ್ ರೂಮಿನ ಬಾಗ್ಲಲ್ಲಿ ಎಲೆ ಅಡಿಕೆ ಹಾಕ್ಕತೀರಾ ಪಂಕಜಕ್ಕ? ನಾನು ಹಾಕ್ಕಂಡ್ರೆ ಡಾಕ್ಟ್ರು ಬೈತಾರೆ."

"ನಂಗಲ್ಲ ಕಣೋ ಮಾರಾಯ. ಇದಕ್ಕೆ."

ಪಂಕಜಾಕ್ಷಿಯ ಕೈಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಬಾಟ್ಲಿ ಇತ್ತು. ಒಳಗೆ ಕಾಶಿತುಂಬೆ ಹೂವಿನ ಗುಲಾಬಿ ಬಣ್ಣದ ನೀರು. ನೀರಿನಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಬಿಳಿ ಬಿಲ್ಲೆ. ಬಾಟ್ಲಿಗೆ ಅಂಟಿಸಿದ ಚೀಟಿಯ ಮೇಲೆ ನಟರಾಜ್ ಎಂಬ ಹೆಸರು. ಮುಚ್ಚಳದ ಸುತ್ತಲಿನ ಗೀರುಗಳಲ್ಲಿ ಮಾತ್ರ ಮಾಸಲು ಹಳದಿ ಕಲೆ.

"ಅದು ಅಯೋಡಿನ್ ಮೇಡಂ, ಇಲ್ಲಿ ಎಲ್ಲದಕ್ಕೂ ಅಂಟಿರುತ್ತೆ," ಎಂದರು ಶಸ್ತ್ರಚಿಕಿತ್ಸೆಯ ಡಾಕ್ಟರ್ ರವಿಚಂದ್ರ. ಬೆಳಿಗ್ಗೆ ತೊಟ್ಟ ಹಸಿರು ನಿಲುವಂಗಿಯನ್ನು ಅವರು ಇನ್ನೂ ಬಿಚ್ಚಿರಲಿಲ್ಲ.

ಪಂಕಜಾಕ್ಷಿ ಸೆರಗಿನ ಪಿನ್ನು ತೆಗೆದು, ಆ ಕಲೆಯನ್ನು ಮೆಲ್ಲಗೆ ಕೆರೆದು, ಬಿಳಿ ಬಟ್ಟೆಯ ಚೂರಿನ ಮೇಲೆ ಉದುರಿಸಿದರು. ಒಂದು ಹನಿ ನೀರು ಬಿಟ್ಟರು. ಉಂಗುರ ಬೆರಳಿನಲ್ಲಿ ಸುಣ್ಣ ತೆಗೆದು ತಾಗಿಸಿದರು.

ಹಳದಿ ಕೆಂಪಾಯಿತು.

"ಅಯೋಡಿನ್ನಿಗೆ ಸುಣ್ಣ ತಾಗಿದ್ರೆ ಹಿಂಗಾಗುತ್ತಾ ಡಾಕ್ಟ್ರೇ?"

ರವಿಚಂದ್ರ ಬಟ್ಟೆಯನ್ನೇ ನೋಡುತ್ತಿದ್ದರು. "ಇಲ್ಲ."

"ಹೊಸ ಸೊಸೆ ಹೊಸಿಲಲ್ಲಿ ನಿಂತಾಗ ಆರತಿ ತಟ್ಟೆಗೆ ಕಲಸ್ತೀವಲ್ಲ, ಆ ಕೆಂಪು ಇದು. ಅರಿಸಿನ. ನಿಮ್ಮ ಲ್ಯಾಬಲ್ಲಿ ಅರಿಸಿನ ಇಟ್ಟಿರ್ತೀರಾ?"

"ಅಲ್ಲಿ ಧೂಳಿನ ಕಣಾನೂ ಬಿಡಲ್ಲ."

"ಹಂಗಾದ್ರೆ ಈ ಬಾಟ್ಲಿ ಲ್ಯಾಬಿಂದ ಬಂದಿದ್ದಲ್ಲ. ಯಾರದೋ ಮನೆ ದೇವರ ಮುಂದೆ ಕೂತು ಬಂದೈತೆ."

ದಾಸಯ್ಯ ತನ್ನ ಸುಣ್ಣದ ಡಬ್ಬಿಯನ್ನು ಎರಡೂ ಕೈಯಲ್ಲಿ ವಾಪಸು ತೆಗೆದುಕೊಂಡ.

*

ಅಂದು ಬೆಳಿಗ್ಗೆ ಆನೇಮಹಲ್ ಗುಡ್ಡದ ಈ ಪುಟ್ಟ ಆಸ್ಪತ್ರೆಯಲ್ಲಿ, ಹೆಗ್ಗದ್ದೆಯ ಸಣ್ಣ ಬೆಳೆಗಾರ ನಟರಾಜ್‌ನ ಮಂಡಿಯೊಳಗೆ ಕೂರಬೇಕಿದ್ದ ಜೀವಂತ ಬಿಲ್ಲೆಯ ಜಾಗದಲ್ಲಿ ಜೀವವಿಲ್ಲದ ಬರಿ ಬಿಲ್ಲೆ ಕಂಡು, ಎತ್ತಿದ ಕತ್ತಿ ಎತ್ತಿದಂತೆಯೇ ನಿಂತಿತ್ತು.

ವನಗೂರಿನ ಇಳಿಜಾರಿನಲ್ಲಿ ಜೀಪು ಮಗುಚಿದಾಗ ಕೆಟ್ಟ ಮಂಡಿ ಅದು. ಎರಡು ಮೂಳೆಗಳ ನಡುವೆ ಭಗವಂತ ಇಟ್ಟ ನುಣುಪಾದ ಮೆತ್ತೆ ಕಿತ್ತುಹೋಗಿ, ಕೆಳಗಿನ ಮೂಳೆಯೂ ಗುಳಿಬಿದ್ದಿತ್ತು. ಮುರಿದ ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ. ಆ ಮೆತ್ತೆ ಹಾಗಲ್ಲ. ಅದಕ್ಕೆ ರಕ್ತ ಹರಿಯುವ ದಾರಿಯಿಲ್ಲ, ಒಮ್ಮೆ ಹೋದರೆ ಹೋಯಿತು.

ಅದಕ್ಕಾಗಿ ಆಲೂರಿನ ಮಗಳು, ವಿಜ್ಞಾನಿ ಚೈತ್ರಶ್ರೀ, ಒಂದು ಹಂದರ ಕಟ್ಟಿದ್ದಳು. ರೇಷ್ಮೆಗೂಡನ್ನು ಸೋಡಾದಲ್ಲಿ ಬೇಯಿಸಿ, ಅಂಟು ಕಳೆದು, ಎಳೆಯನ್ನು ಕರಗಿಸಿ, ಉಪ್ಪಿನ ಹರಳು ಬೆರೆಸಿ ಅಚ್ಚಿಗೆ ಹೊಯ್ಯುವುದು. ಗಟ್ಟಿಯಾದ ಮೇಲೆ ನೀರಿನಲ್ಲಿ ಉಪ್ಪನ್ನು ತೊಳೆದರೆ, ಹರಳು ಇದ್ದ ಕಡೆಯೆಲ್ಲ ಕಣ್ಣಿಗೆ ಕಾಣದ ಗೂಡುಗಳು. ಬಿಲ್ಲೆಯ ಕೆಳಪದರಕ್ಕೆ ಮೂಳೆಯಲ್ಲಿರುವ ಖನಿಜ ಸೇರಿಸಿ ಗಟ್ಟಿ ಮಾಡಿದ್ದಳು, ಮೇಲ್ಪದರವನ್ನು ಮೆತ್ತಗೆ ಬಿಟ್ಟಿದ್ದಳು. ನಟರಾಜ್‌ನ ಮಂಡಿಯಿಂದಲೇ ತೆಗೆದ ಮೆತ್ತೆಯ ಒಂದು ಚೂರಿನಿಂದ ಜೀವಕಣಗಳನ್ನು ಬೆಳೆಸಿ ಆ ಗೂಡುಗಳಲ್ಲಿ ಕೂರಿಸುವುದು. ಹಾಲವಾಣದ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ ಹಾಗೆ ಅವು ಹಬ್ಬುತ್ತವೆ. ಬಳ್ಳಿ ಬಲಿತ ಮೇಲೆ ಮರವೇ ಮೆಲ್ಲಗೆ ಕರಗಿಹೋಗುತ್ತದೆ. ಉಳಿಯುವುದು ಅವನದೇ ಮೈ.

"ಇನ್ನೊಂದು ಚೂರು ತೆಗೆದು ಮತ್ತೆ ಬೆಳೆಸೋದಕ್ಕೆ ಆಗಲ್ವಾ?" ಎಂದು ಪಂಕಜಾಕ್ಷಿ ಬಂದ ಕೂಡಲೇ ಕೇಳಿದ್ದರು.

"ಕೊಡೋದಕ್ಕೆ ಆ ಮಂಡಿಯಲ್ಲಿ ಏನೂ ಉಳಿದಿಲ್ಲ ಮೇಡಂ," ಎಂದಿದ್ದರು ರವಿಚಂದ್ರ. "ಬರಿ ಹಂದರ ಇಟ್ರೆ ಸಣ್ಣ ಗಾಯ ತುಂಬೀತು. ಇದು ದೊಡ್ಡ ಗುಳಿ. ಬಿಲ್ಲೆ ಕೂರಿಸೋಕೆ ಅಂಚಿನಲ್ಲಿ ಇರೋ ಮೆತ್ತೇನೂ ಕೊರೆದು ತೆಗೀಬೇಕು. ಕೊರೆದ ಮೇಲೆ ಒಳಗೆ ಜೀವ ಇಲ್ಲ ಅಂದ್ರೆ, ಆ ಮನುಷ್ಯನಿಗೆ ಇರೋ ಕಾಲೂ ಇಲ್ಲ."

ಕದ್ದ ಬಿಲ್ಲೆ ಮೈಯ ಬಿಸಿಯಲ್ಲಿ ಇದ್ದರೆ ಸಂಜೆಯವರೆಗೆ ಬದುಕೀತು. ತಣ್ಣಗಾದರೆ ಇಲ್ಲ.

ಕಳವು ಎಂಬ ಮಾತನ್ನು ಮೊದಲು ಆಡಿದವಳು ಚೈತ್ರಶ್ರೀ. ಪೊಲೀಸು ಬೇಡ, ಪೇಪರಿನಲ್ಲಿ ಬಂದರೆ ನನ್ನ ಕೆಲಸವೆಲ್ಲ ಮಣ್ಣುಪಾಲು ಎಂದವಳೂ ಅವಳೇ. ಹಾಗಾಗಿ ರವಿಚಂದ್ರ ಆಲೂರು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಪಂಕಜಾಕ್ಷಿಗೆ ಫೋನ್ ಮಾಡಿದ್ದರು. ಆಗ ಪಂಕಜಾಕ್ಷಿ ಸಕಲೇಶ್ವರನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದರು. ಪ್ರಸಾದದ ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ಬಂದಿದ್ದರು.

*

ಮೊದಲು ಬಿಲ್ಲೆ ಸುಳ್ಳೆಂದು ಆಪರೇಷನ್ ರೂಮಿನ ಮೂಲೆಯಿಂದ ಕೂಗಿದ್ದು ಮೇಘಾ. ಲ್ಯಾಬಿನಲ್ಲಿ ಚೈತ್ರಶ್ರೀಯ ಕೈಕೆಳಗಿನ ಹುಡುಗಿ. ಕಾರಿಡಾರಿನ ಬೆಂಚಿನ ತುದಿಯಲ್ಲಿ, ಎದ್ದುಹೋಗಲು ಸಿದ್ಧಳಾದವಳಂತೆ ಕುಳಿತಿದ್ದಳು.

"ಅಷ್ಟು ದೂರದಿಂದ ನಿಂಗೆ ಹೆಂಗೆ ಗೊತ್ತಾಯ್ತು?"

"ಬಣ್ಣ ಮೇಡಂ. ಆ ನೀರೇ ಅವಕ್ಕೆ ಊಟ. ಹೊಸದಾಗಿ ಹಾಕಿದಾಗ ಹೀಗೆ ಕಾಶಿತುಂಬೆ ಬಣ್ಣ ಇರುತ್ತೆ. ಕಣಗಳು ಉಂಡು ಉಸಿರು ಬಿಡ್ತಾ ಬಿಡ್ತಾ ಕಿತ್ತಳೆ ಸಿಪ್ಪೆ ಬಣ್ಣಕ್ಕೆ ತಿರುಗುತ್ತೆ. ಮೊನ್ನೆ ಹಾಕಿದ ಊಟ ಅದು. ಇವತ್ತಿಗೆ ಕಿತ್ತಳೆ ಆಗಿರಬೇಕಿತ್ತು."

"ಕಣಗಳು ಸತ್ತಿದ್ರೆ?"

"ಇವತ್ತು ಸತ್ತಿದ್ರೂ ನಿನ್ನೆವರೆಗೆ ಉಂಡ ಗುರುತು ಉಳೀಬೇಕಲ್ಲ. ಉಂಡೆದ್ದು ಹೋದೋರ ಎಲೆ ನೋಡಿದ್ರೆ ಗೊತ್ತಾಗಲ್ವಾ? ಇದು ಯಾರೂ ಕೂರದ ಎಲೆ."

ಪಂಕಜಾಕ್ಷಿ ಆ ಮಾತನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟರು. "ಆಪರೇಷನ್ ರೂಮಲ್ಲಿ ನಿಂಗೇನು ಕೆಲಸ ಇತ್ತು?"

ಮೇಘಾ ಉಗುರು ನೋಡಿಕೊಂಡಳು. "ಏನೂ ಇರ್ಲಿಲ್ಲ."

"ಮತ್ತೆ?"

"ಉಪ್ಪಿನ ಹರಳು ಎಷ್ಟು ದಪ್ಪ ಇದ್ರೆ ಗೂಡು ಸರಿ ಬರುತ್ತೆ ಅಂತ ಕಂಡುಹಿಡಿದಿದ್ದು ನಾನು. ಗೇಟಿನ ಹತ್ರ ಫ್ಲೆಕ್ಸ್ ಹಾಕಿದಾರಲ್ಲ, ನೋಡಿದ್ರಾ? ಅದರಲ್ಲಿ ನನ್ನ ಹೆಸರಿಲ್ಲ. ನನ್ನ ಮೊಣಕೈ ಇದೆ. ಬಾಕಿ ನನ್ನ ಕತ್ತರಿಸಿ ನಮ್ಮ ಚೈತ್ರಶ್ರೀ ಮೇಡಂ ಒಬ್ಬರನ್ನೇ ಉಳಿಸಿದಾರೆ." ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಅವರು ಗೆಲ್ಲೋದನ್ನ ನೋಡೋಕೆ ಬಂದೆನೋ ಸೋಲೋದನ್ನ ನೋಡೋಕೆ ಬಂದೆನೋ, ನಂಗೇ ಗೊತ್ತಿಲ್ಲ. ಸುಮ್ನೆ ಒಳಗೆ ಬಂದು ನಿಂತೆ. ಈಗ ಎಲ್ಲರೂ ನಾನೇ ಬದಲಾಯಿಸಿ ನಾನೇ ಕೂಗಿದೆ ಅಂತಿದಾರೆ."

"ಯಾರು ಅಂತಿದಾರೆ?"

"ಮೇಡಂ."

ಕಾರಿಡಾರಿನ ಆ ತುದಿಯಲ್ಲಿ ಚೈತ್ರಶ್ರೀ ಗೋಡೆಗೆ ಒರಗಿ ನಿಂತಿದ್ದಳು. ಇಬ್ಬರೂ ಮಾತಾಡುವುದನ್ನು ನೋಡುತ್ತಿದ್ದವಳು, ಪಂಕಜಾಕ್ಷಿ ತಿರುಗಿದೊಡನೆ ಕಿಟಕಿಯ ಹೊರಗೆ ಕಣ್ಣು ಹಾಯಿಸಿದಳು.

*

ನಟರಾಜ್‌ನ ತಮ್ಮ ಲೋಹಿತ್ ಮೆಟ್ಟಿಲ ಮೇಲೆ ಸಿಕ್ಕ. ಕೆಳಗಿನ ಲ್ಯಾಬಿನಿಂದ ಬೆಚ್ಚನೆಯ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದವನು ಅವನೇ.

"ನನ್ ಮೇಲೆ ಅನುಮಾನ ಅಲ್ವಾ ಪಂಕಜಕ್ಕ? ಕೇಳ್ಬುಡಿ."

"ಹೋದ ಸುಗ್ಗೀಲಿ ದೇವರ ಅಡ್ಡೆಗೆ ಅಣ್ಣನ ಬದಲು ನೀನು ಹೆಗಲು ಕೊಟ್ಟೆಯಂತೆ."

ಹೆಗ್ಗದ್ದೆಯಲ್ಲಿ ದೇವರನ್ನು ಹೊರುವ ಹೆಗಲು ಹಿರಿಯ ಮಗನದು. ನಟರಾಜ್ ನಡೆಯಲಾರದ ವರ್ಷ ಅದು ತಮ್ಮನಿಗೆ ಬಂದಿತ್ತು. ಈ ಸುಗ್ಗಿಗೂ ಅವನದೇ. ಮಂಡಿ ಸರಿಹೋದರೆ ಮುಂದಿನ ಸುಗ್ಗಿಗೆ ಅಣ್ಣನದು.

"ಕೊಟ್ಟೆ. ಮನೆ ಮನೇಲೂ ಕಾಲಿಗೆ ನೀರು ಹಾಕಿದ್ರು. ಅಲ್ಲೀವರೆಗೆ ನಾನು ನಟರಾಜಣ್ಣನ ತಮ್ಮ, ಅಷ್ಟೇ. ಅವತ್ತು ನಂಗೂ ಒಂದು ಹೆಸ್ರಿತ್ತು." ಅವನು ಮುಖ ಎತ್ತಿದ. "ಅಣ್ಣನ ಕಾಲು ಹಿಂಗೇ ಇದ್ರೆ ಏನ್ ಮಹಾ ಅಂತ ಒಂದ್ ಗಳಿಗೆ ಅನ್ಸಿದ್ದುಂಟು ಕಣಕ್ಕ. ಸುಳ್ಳು ಹೇಳಲ್ಲ. ಹೊಟ್ಟೆಕಿಚ್ಚು ಪಟ್ಟಿದೀನಿ. ಆದ್ರೆ ಬಾಟ್ಲಿ ಮುಟ್ಟಿಲ್ಲ."

"ಮುಟ್ಟಿದೀಯ ಅಂತ ನಾನೂ ಅನ್ನಲಿಲ್ಲ. ಒಂದು ಮಾತು ಹೇಳು. ನಿಮ್ಮನೆಗೆ ಹೊಸ ವಸ್ತು ಬಂದ್ರೆ ಏನು ಹಚ್ತೀರಿ?"

"ಗಂಡಸ್ರು ತಂದಿದ್ದಾದ್ರೆ ವಿಭೂತಿ. ಜೀಪಿಗೂ ವಿಭೂತಿ, ಪಂಪ್‌ಸೆಟ್ಟಿಗೂ ವಿಭೂತಿ."

"ಅರಿಸಿನ?"

"ಅದು ಹೆಂಗಸ್ರ ಕೈ."

"ಈ ಚೈತ್ರಾ ಡಾಕ್ಟ್ರಮ್ಮ ಅಣ್ಣ ನೋಡ್ಲಿ ಅಂತ ಒಂದು ಬರಿ ಬಿಲ್ಲೆ ಕೊಟ್ಟಿದ್ಲಂತಲ್ಲ?"

"ಐತಲ್ಲ, ದೇವರ ಗೂಡಲ್ಲಿ. ಇಂಥದೇ ಬಾಟ್ಲಿ, ಇದೇ ನೀರು. ಅಣ್ಣ ಹಲ್ಲು ಗಿಂಜಿ ತನ್ನ ಹೆಸರು ಬೇರೆ ಬರೆಸ್ಕಂಡು ಬಂದ. ಬಂದೋರ್ಗೆಲ್ಲ ತೋರಿಸೋದೇ ತೋರಿಸೋದು. ಮಗಳು ಹುಟ್ಟಿದಾಗ್ಲೂ ಅಷ್ಟು ಜನಕ್ಕೆ ತೋರಿಸ್ಲಿಲ್ಲ ಪುಣ್ಯಾತ್ಮ."

"ಮನೇಲಿ ಹೆಂಗಸ್ರು ಯಾರ್ಯಾರಿದಾರೆ?"

"ಅತ್ತಿಗೆ ಒಬ್ರೇ. ನಂಗಿನ್ನೂ ಹೆಣ್ಣು ಸಿಕ್ಕಿಲ್ಲ ಕಣಕ್ಕ, ನೀವೇ ಒಂದು ನೋಡಿ..."

ತಾನು ಏನು ಹೇಳಿದೆನೆಂದು ಅವನಿಗೆ ಆಗ ಹೊಳೆಯಿತು.

"ಅತ್ತಿಗೆ ಅಂಥೋರಲ್ಲ," ಎಂದ ಮೆಲ್ಲಗೆ.

"ಯಾರೂ ಅಂಥೋರಲ್ಲ ಕಣೋ," ಎಂದು ಪಂಕಜಾಕ್ಷಿ ಮೆಟ್ಟಿಲು ಹತ್ತಿದರು.

*

ಒಬ್ಬರನ್ನು ಬೆರಳು ಮಾಡಿ ಕರೆಯುವುದು ಪಂಕಜಾಕ್ಷಿಯ ಪದ್ಧತಿಯಲ್ಲ. ಪ್ರಸಾದದ ಪೊಟ್ಟಣ ಬಿಚ್ಚಿ, ಕಾರಿಡಾರಿನಲ್ಲಿ ಇದ್ದವರಿಗೆಲ್ಲ ಹಂಚುತ್ತ ಬಂದರು. ಒಂದು ಎಸಳು ಬಿಲ್ವ, ಒಂದು ಚೂರು ಕಾಯಿ.

ದಾಸಯ್ಯ ಬಾಯಲ್ಲಿದ್ದುದನ್ನು ಹೊರಗೆ ಹೋಗಿ ಉಗಿದು ಬಂದು ಕೈಯೊಡ್ಡಿದ. ರವಿಚಂದ್ರ ಕೈಗವಸು ಬಿಚ್ಚಿ ತೆಗೆದುಕೊಂಡರು. ಮೇಘಾ ಬಲಗೈಯ ಕೆಳಗೆ ಎಡಗೈ ಹಿಡಿದಳು, ಲೋಹಿತ್ ಹಾಗೆಯೇ. ಯಾರೂ ಹೇಳಿಕೊಡದೆ ಎರಡು ಕೈ ತಾವಾಗಿ ಮುಂದೆ ಬರುವುದು ಹುಟ್ಟಿನಿಂದ ಬಂದ ರೂಢಿ.

ನಟರಾಜ್‌ನ ಹೆಂಡತಿ ಗಂಗಾಮಣಿ ಕಿಟಕಿಯ ಪಕ್ಕ ಕುಳಿತಿದ್ದಳು. ಹಣೆಯ ತುಂಬ ಕುಂಕುಮ. ಬೆಳಿಗ್ಗೆ ಮನೆದೇವರ ಹೂ ತಂದು, ಪೆಟ್ಟಿಗೆಗೆ ಮುಟ್ಟಿಸಬೇಕೆಂದು ಕೇಳಿಕೊಂಡವಳು. ಚೈತ್ರಶ್ರೀಯೇ ಮುಚ್ಚಳ ತೆಗೆದುಕೊಟ್ಟು, ಫೋನ್ ಬಂತೆಂದು ಆಚೆ ಹೋಗಿದ್ದಳು.

"ತಗೋ ಗಂಗಾ."

ಗಂಗಾಮಣಿ ಬಲಗೈ ಒಡ್ಡಿದಳು. ಒಂದೇ ಕೈ. ಎಡಗೈ ಸೆರಗಿನೊಳಗೆ, ಸೊಂಟದ ಹತ್ತಿರ ಇತ್ತು. ಟೀ ಕುಡಿಯುವಾಗಲೂ ಆ ಕೈ ಹೊರಗೆ ಬಂದಿರಲಿಲ್ಲ. ಸೆರಗು ಜಾರಿದಾಗಲೂ ಬಲಗೈಯಲ್ಲೇ ಎಳೆದುಕೊಂಡಿದ್ದಳು.

ಪಂಕಜಾಕ್ಷಿ ಪ್ರಸಾದ ಕೊಟ್ಟರು. ಕೊಟ್ಟು, "ಬಾ, ಒಂದಿಷ್ಟು ಮಾತಿದೆ," ಎಂದು ಎದುರಿನ ಖಾಲಿ ಕೋಣೆಯ ಬಾಗಿಲು ತೆರೆದರು.

*

ಕೋಣೆಯ ಕಿಟಕಿಯ ಕೆಳಗೆ ಯಾರದೋ ತೋಟ. ಮೊದಲ ಮಳೆಗೆ ಕಾಫಿ ಹೂವಾಗಿತ್ತು. ಗಿಡಗಳ ಮೇಲೆ ಹಾಲು ಚೆಲ್ಲಿದಂತೆ ಕಾಣುತ್ತಿತ್ತು, ಘಮ ಗಾಜನ್ನೂ ದಾಟಿ ಬರುತ್ತಿತ್ತು. ಆಚೆ ಹೆದ್ದಾರಿಯಲ್ಲಿ ಘಾಟಿ ಹತ್ತಿ ಬಂದ ಲಾರಿಗಳ ಸದ್ದು.

"ಪ್ರಸಾದಾನ ಒಂದೇ ಕೈಯಲ್ಲಿ ತಗಂಡೆಯಲ್ಲ ಗಂಗಾ."

"ಕೈ ನೋವು ಕಣಕ್ಕ."

"ಯಾವ ಕೈ?"

"ಎಡಗೈ."

"ಕೈ ನೋವೋ? ಕೈ ತೆಗೆದ್ರೆ ತಣ್ಣಗಾಗೋ ವಸ್ತು ಏನಾದ್ರೂ ಐತೋ?"

ಗಂಗಾಮಣಿ ಬಲಗೈಯಲ್ಲಿದ್ದ ಬಿಲ್ವದ ಎಸಳನ್ನು ಕಣ್ಣಿಗೊತ್ತಿ ಮುಡಿಗೆ ಸಿಕ್ಕಿಸಿಕೊಂಡಳು.

"ನಿಮ್ಮನೆ ದೇವರ ಗೂಡಲ್ಲಿ ಇದ್ದ ಬಾಟ್ಲೀಗೆ ಅರಿಸಿನ ಹಚ್ಚಿದ್ದೆ ನೀನು. ತರೋ ಮುಂಚೆ ಚೆನ್ನಾಗಿ ಒರೆಸಿದೀಯ. ಮುಚ್ಚಳದ ಗೀರಲ್ಲಿ ಉಳಕೊಂಡೈತೆ."

"ಹಚ್ಚದೆ ಹೆಂಗಕ್ಕ ಮನೆ ಒಳಗೆ ಇಟ್ಕಳ್ಳೋದು, ಹೊಸ ವಸ್ತುನ?" ಎಂದಳು ಗಂಗಾಮಣಿ. ಅದೊಂದೇ ಮಾತಿನಲ್ಲಿ ಎಲ್ಲ ಒಪ್ಪಿಕೊಂಡುಬಿಟ್ಟೆನೆಂದು ಅವಳಿಗೂ ತಿಳಿಯಿತು. ಮಂಚದ ಅಂಚಿಗೆ ಕುಳಿತಳು.

"ಯಾಕವ್ವ?"

ಅವಳು ಕಾಫಿ ಹೂವಿನ ಕಡೆ ಮುಖ ತಿರುಗಿಸಿದಳು.

"ಡಾಕ್ಟ್ರಮ್ಮ ದಿನ ಬಿಟ್ಟು ದಿನ ಫೋನ್ ಮಾಡ್ತಾಳೆ ಅಕ್ಕ. ಸರಿಯಾಗಿ ಅವ್ರು ಊಟಕ್ಕೆ ಕೂತಾಗ. 'ಇವತ್ತು ನಿಮ್ಮ ಮಕ್ಕಳು ಚೆನ್ನಾಗಿ ಉಂಡವು ನಟರಾಜಣ್ಣ' ಅಂತಾಳೆ. ಮಕ್ಕಳಂತೆ. ಇವ್ರು ಫೋನ್ ಹಿಡ್ಕಂಡು ನಗ್ತಾರೆ. ನಾನು ಸುಟ್ಟು ಹಾಕಿದ ರೊಟ್ಟಿ ತಟ್ಟೇಲಿ ಆರ್ತಾ ಇರುತ್ತೆ. ಒಂದ್ ದಿನಾನಾದ್ರೂ 'ನೀನು ಉಂಡೆಯಾ ಗಂಗಾ' ಅಂತ ಕೇಳಿದ್ರೆ ಕೇಳಿ."

"ಹೂಂ."

"ಜೀಪ್ ಬಿದ್ದಾಗಿಂದ ಆ ಕಾಲು ನನ್ ಕೈಯಲ್ಲೇ ಐತೆ. ಎಣ್ಣೆ ಹಚ್ಚಿದ್ದು ನಾನು. ಬಚ್ಚಲಿಗೆ ಎತ್ಕಂಡು ಹೋಗಿದ್ದು ನಾನು. ಇವ್ರು ನೋವು ತಡೀದೆ ಬೈದ್ರೆ ಬೈಸ್ಕಂಡಿದ್ದೂ ನಾನು. ಈಗ ಅವ್ರ ಮೈಯ ಚೂರು ತಗಂಡೋಗಿ, ಬೆಚ್ಚಗೆ ಪೆಟ್ಟಿಗೇಲಿ ಇಟ್ಟು, ಅವಳು ಸಾಕ್ತಾ ಕೂತವಳೆ. ಅವ್ರ ಹೆಸರ ಎಷ್ಟು ಮುದ್ದಾಗಿ ಬರ್ದಿದ್ಲು ನೋಡಿದ್ರಾ ಬಾಟ್ಲಿ ಮೇ‌ಲೆ? ನಂಗೆ ಅಷ್ಟು ಚೆಂದ ಬರಿಯಾಕೆ ಬರಲ್ಲ." ಬಲಗೈಯಲ್ಲಿ ಸೆರಗನ್ನು ಬಿಗಿದುಕೊಂಡಳು. "ನಾಳೆ ಅವ್ರು ಎದ್ದು ನಡೆಯೋ ಒಂದೊಂದು ಹೆಜ್ಜೇಲೂ ಅವಳು ಇರ್ತಾಳೆ ಅಕ್ಕ. ಮಂಡಿ ಒಳಗೇನೇ."

"ಅದಕ್ಕೆ ಗಂಡನ ಕಾಲನ್ನೇ ಕಳೀತೀಯಾ?"

"ಶಿವ ಶಿವ, ಕಳೀತೀನಾ ನಾನು? ಬರಿ ಹಂದರ ಇಟ್ರೂ ಮೈಯೊಳಗಿನ ಜೀವ ತಾನೇ ಬಂದು ಹತ್ಕಂತದೆ, ನಿಧಾನ ಅಷ್ಟೇ ಅಂತ ಅವಳೇ ಒಂದಿನ ಹೇಳಿದ್ಲು. ನಿಧಾನ ಆದ್ರೆ ಆಗ್ಲಿ. ಅಲ್ಲೀಗಂಟ ನಾನು ನೋಡ್ಕಂತೀನಿ. ಅವ್ರದೇ ಮೈ ಹತ್ಕಳ್ಲಿ. ಅವಳು ಸಾಕಿದ್ದು ಬೇಡ."

ಪಂಕಜಾಕ್ಷಿ ಅವಳ ಪಕ್ಕ ಕುಳಿತರು. ಡಾಕ್ಟರ್ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಆ ಮಾತು ಸಣ್ಣ ಗಾಯಕ್ಕೆ. ಇದು ದೊಡ್ಡ ಗುಳಿ. ಕೊರೆದು ಬರಿ ಹಂದರ ಕೂರಿಸಿದರೆ ಹಬ್ಬಲು ಬಳ್ಳಿಯೇ ಇರುವುದಿಲ್ಲ.

ಗಂಗಾಮಣಿಯ ಮುಖದ ಬಣ್ಣ ಇಳಿಯಿತು.

"ಬೆಳಿಗ್ಗೆ ಆ ಮೇಘಾ ಕೂಗದೆ ಇದ್ದಿದ್ರೆ?"

"ಇಷ್ಟು ಹೊತ್ತಿಗೆ ಕೊರೆದಾಗಿರ್ತಿತ್ತು."

ಅವಳು ಬಲಗೈಯಿಂದ ಬಾಯಿ ಮುಚ್ಚಿಕೊಂಡಳು. ಆಗಲೂ ಎಡಗೈ ಕದಲಲಿಲ್ಲ. ಅದನ್ನು ಕಂಡು ಪಂಕಜಾಕ್ಷಿಯ ಮನಸ್ಸು ಕರಗಿತು.

"ಒಂದು ಕೇಳ್ತೀನಿ. ಅಷ್ಟು ಹೊಟ್ಟೆಕಿಚ್ಚು ಇದ್ದೋಳು ಅಲ್ಲೇ ಚರಂಡಿಗೆ ಎಸೀಬಹುದಿತ್ತಲ್ಲ. ಬೆಳಿಗ್ಗೆಯಿಂದ ಮೈಗೆ ಒತ್ಕಂಡು ಯಾಕೆ ಕೂತಿದೀಯ?"

"ಅವ್ರ ಮೈ ಅಲ್ವಾ ಅಕ್ಕ ಅದು," ಎಂದಳು ಗಂಗಾಮಣಿ. "ಹೆಂಗೆ ಎಸೀಲಿ? ತಣ್ಣಗಾದ್ರೆ ಸಾಯ್ತದೆ ಅಂದಿದ್ರು. ಅವಳ ಪೆಟ್ಟಿಗೆಗಿಂತ ನನ್ ಮೈ ಏನ್ ಕಡಿಮೆ ಬೆಚ್ಚಗೈತಾ?"

ಸೆರಗಿನೊಳಗಿಂದ ಎಡಗೈ ಹೊರಗೆ ಬಂತು. ಬೆರಳುಗಳು ಮರಗಟ್ಟಿದ್ದವು. ನಟರಾಜ್‌ನ ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿದ ಸಣ್ಣ ಗಂಟು.

"ಬಿಚ್ಚಿ ನೋಡ್ತೀರಾ?"

"ಬೇಡ, ಕಾವು ಹೋದೀತು," ಎಂದು ಪಂಕಜಾಕ್ಷಿ ಆ ಗಂಟನ್ನು ಎರಡು ಕೈಯಲ್ಲಿ, ಪ್ರಸಾದ ತೆಗೆದುಕೊಳ್ಳುವ ಹಾಗೆಯೇ ತೆಗೆದುಕೊಂಡರು.

*

ಸುದ್ದಿ ಕಾರಿಡಾರಿನ ಉದ್ದಕ್ಕೂ ಓಡಿತು. ದಾಸಯ್ಯ ಸಕಲೇಶಪುರದ ದಿಕ್ಕಿಗೆ ತಿರುಗಿ ಕೈಮುಗಿದ. ಲೋಹಿತ್ ಅತ್ತಿಗೆಯ ಹತ್ತಿರ ಬಂದು, ಅವಳ ಮರಗಟ್ಟಿದ ಕೈಯನ್ನು ತಿಕ್ಕತೊಡಗಿದ. "ನಾನೂ ಏನ್ ಸಾಚಾ ಅಲ್ಲ ಬುಡಿ ಅತ್ತಿಗೆ," ಎಂದ ಕಡೆಗೆ.

ಒಳಗಿನಿಂದ ನಟರಾಜ್‌ನ ದನಿ ಕೇಳಿತು. "ಗಂಗಾ, ಸಿಕ್ತಂತಲ್ಲೇ. ಅಲ್ಲೇ ಇದೀಯಾ?"

"ಇದೀನಿ," ಎಂದಳು ಗಂಗಾಮಣಿ.

ಚೈತ್ರಶ್ರೀ ಗಂಟನ್ನು ತೆಗೆದುಕೊಂಡು ಕಿಟಕಿಗೆ ಬೆನ್ನು ಮಾಡಿ ನಿಂತಳು. ಬಟ್ಟೆ ಬಿಚ್ಚಿದಳು. ನೋಡಿದಳು. ಅಂಗೈ ಮುಚ್ಚಿಕೊಂಡಳು.

"ಜೀವ ಇದೆ," ಎಂದಳು. "ಡಾಕ್ಟರ್, ಶುರು ಮಾಡಿ."

ರವಿಚಂದ್ರ ಕಣ್ಣು ಮುಚ್ಚಿ ಉಸಿರು ಬಿಟ್ಟು ಒಳಗೆ ನಡೆದರು. ನಟರಾಜ್‌ನ ಬೆನ್ನಿಗೆ ಸೂಜಿ ಸಿದ್ಧಮಾಡಿ ಎಂದು ಅವರು ಹೇಳುವುದು ಕೇಳಿಸಿತು.

ಮೇಘಾ ಬೆಂಚಿನಿಂದ ಎದ್ದು ಬಂದಳು. "ಮೇಡಂ, ಒಂದ್ಸಲ ನೋಡ್ಲಾ?"

"ನೀನು ದೂರ ಇರು. ನಿನ್ನ ಹೊಟ್ಟೆಕಿಚ್ಚಿಗೆ ಒಂದು ಬೆಳಿಗ್ಗೆ ಹಾಳಾಗಿದ್ದು ಸಾಕು."

ಪಂಕಜಾಕ್ಷಿಗೆ ಆ ಮಾತು ಹಿಡಿಸಲಿಲ್ಲ. ಕೂಗಿದವಳು ಕೂಗಿದ್ದರಿಂದಲೇ ಮಂಡಿ ಉಳಿದಿತ್ತು. ಬಿಲ್ಲೆ ಮರಳಿ ಸಿಕ್ಕಿದವಳು ಮೊದಲು ಮಾಡಬೇಕಾದದ್ದು ಬೆಳಕಿಗೆ ಹಿಡಿದು ನೋಡುವುದು. ಈಕೆ ಕಿಟಕಿಗೆ ಬೆನ್ನು ತಿರುಗಿಸಿದ್ದಳು.

"ನಂಗೆ ತೋರಿಸು ತಾಯಿ," ಎಂದರು ಪಂಕಜಾಕ್ಷಿ. "ಹುಡುಕಿಕೊಟ್ಟೋಳು ನಾನು. ಒಂದ್ಸಲ ಕಣ್ತುಂಬ ನೋಡ್ತೀನಿ."

"ತಡ ಆಗುತ್ತೆ ಮೇಡಂ, ತಣ್ಣಗಾಗುತ್ತೆ."

"ಬೆಳಿಗ್ಗೆಯಿಂದ ತಣ್ಣಗಾಗದ್ದು ಈಗ ಆಗಲ್ಲ."

ಚೈತ್ರಶ್ರೀ ಬಾಗಿಲ ಕಡೆ ಹೆಜ್ಜೆ ಇಟ್ಟಳು. ತಿರುಗುವಾಗ ಕಿಟಕಿಯ ಬಿಸಿಲು ಅವಳ ಬೆರಳುಗಳ ಸಂದಿನ ಬಾಟ್ಲಿಯ ಮೇಲೆ ಬಿತ್ತು.

ಕಾಶಿತುಂಬೆ ಬಣ್ಣ.

ಹಾಕಿದ ಹಾಗೆಯೇ, ಒಂದು ತುತ್ತೂ ಕಡಿಮೆಯಾಗದ ಊಟ.

ಪಂಕಜಾಕ್ಷಿ ಮನಸ್ಸಿನಲ್ಲಿಯೇ ಸಕಲೇಶ್ವರನನ್ನು ನೆನೆದರು. ಗಂಗಾಮಣಿ ಕದ್ದದ್ದು ನಿಜ, ಅತ್ತದ್ದು ನಿಜ, ಮೈಯ ಕಾವು ಕೊಟ್ಟು ಕಾದದ್ದೂ ನಿಜ. ಆದರೆ ಅವಳು ಕಾದದ್ದು ಬರಿ ಹಂದರವನ್ನು. ಪೆಟ್ಟಿಗೆಯಲ್ಲಿ ಅವಳ ಕೈಗೆ ಸಿಗುವ ಮೊದಲೇ ಅದರಲ್ಲಿ ಯಾರೂ ಇರಲಿಲ್ಲ. ಹಾಗಿದ್ದರೆ ದಿನ ಬಿಟ್ಟು ದಿನ ಫೋನಿನಲ್ಲಿ ಚೆನ್ನಾಗಿ ಉಂಡ ಮಕ್ಕಳು ಯಾರವು?

ಒಳಗೆ ನಟರಾಜ್ ಯಾವುದೋ ನಗೆಮಾತು ಆಡುತ್ತಿದ್ದ. ಅಲುಗಾಡಬೇಡಿ ಎಂದು ನರ್ಸ್ ಹೇಳುತ್ತಿದ್ದಳು.

ಪಂಕಜಾಕ್ಷಿ ಮುಂದೆ ಹೋಗಿ ಆಪರೇಷನ್ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕೈಯಿಟ್ಟರು.

"ಡಾಕ್ಟ್ರೇ, ಸೂಜಿ ಕೆಳಗಿಡಿ," ಎಂದು ಒಳಗೆ ಕೂಗಿ ಹೇಳಿದರು. ಆಮೇಲೆ ದನಿ ಇಳಿಸಿ, ಮನೆಮಗಳನ್ನು ಕೇಳುವ ಹಾಗೆ ಕೇಳಿದರು.

"ಚೈತ್ರಾ, ಇದರಲ್ಲಿ ಇದ್ದೋರು ಕಡೇ ಸಲ ಉಂಡಿದ್ದು ಯಾವಾಗ?"

ಚೈತ್ರಶ್ರೀ ಬಾಟ್ಲಿಯನ್ನು ನೋಡಲಿಲ್ಲ, ಪಂಕಜಾಕ್ಷಿಯನ್ನೂ ನೋಡಲಿಲ್ಲ. ಬೆಂಚಿನ ಬಳಿ ನಿಂತಿದ್ದ ಮೇಘಾಳನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಮುಂಚೆ, ಡಾಕ್ಟ್ರಮ್ಮನ ಫೋನಿನ ಮಾತು ಹೇಳುವಾಗ, ಗಂಗಾಮಣಿಯ ಕಣ್ಣಿನಲ್ಲಿ ಕಂಡಿದ್ದ ನೋಟವೇ ಅದು.

"ಅವಳನ್ನ ಕೇಳಿ," ಎಂದಳು. "ನನ್ನವು ಉಳೀಲಿಲ್ಲ. ಅದೇ ಚೂರಿಂದ ಅವಳು ಬೆಳೆಸಿದ್ದು ಇನ್ನೂ ಉಣ್ತಾ ಇದೆ."